ಮಾಮಾನ ಹಾಸುಗಲ್ಲು ಲ್ಯಾಪ್‌ಟಾಪ್

ಶಿಗ್ಗಾಂವಿಗೆ ಮೊಟ್ಟಮೊದಲು ಲ್ಯಾಪ್‌ಟಾಪ್ ತಂದ ಮಹಾಪುರುಷರು ನನ್ನ ಸೋದರಮಾವ. ಇದಕ್ಕೆ ಆಧಾರವೇನು ಎನ್ನುತ್ತೀರಾ? ಸ್ವತಃ ಅವರೇ ಹೇಳಿದ್ದಾರೆ, ಅದೂ ದಿನಕ್ಕೆರಡು ಸಲ! ಆ ಕಾಲದ ಅತಿ ದುಬಾರಿ ಮಾಲು. ಯಾರೋ ದೊಡ್ಡ ಸಾಹೇಬರು ಬಳಸಿ ಬಿಟ್ಟದ್ದನ್ನು ಹುಬ್ಬಳ್ಳಿಯಿಂದ ಹೊತ್ತು ತಂದರಂತೆ. ಹೊತ್ತು ಎಂದೇ ಬರೆದಿದ್ದೇನೆ. ಶಹಾಬಾದಿ ಹಾಸುಗಲ್ಲಿನಷ್ಟು ದಪ್ಪ, ಅಷ್ಟೇ ತೂಕ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ವೈರು ಕಿತ್ತರೆ ಆ ಕ್ಷಣವೇ ಪ್ರಾಣ ಬಿಡುವ ಇದಕ್ಕೆ ಎಲ್ಲೆಂದರಲ್ಲಿ ಒಯ್ಯುವ ಯಂತ್ರವೆಂಬ ಬಿರುದು ಬೇರೆ!

ತಹಶೀಲ್ದಾರ ಕಚೇರಿಯ ಎದುರಿನ ಪುಟ್ಟ ಅಂಗಡಿಯಲ್ಲಿ ಮಾಮಾ ಇದರ ಮೇಲೆಯೇ ಜನರ ಅರ್ಜಿ ಟೈಪು ಮಾಡುತ್ತಾರೆ. ಬಂಕಾಪುರದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ. ಮಾಮಾ ಹಳೆಯ ಟೈಪಿಂಗ್ ಕ್ಲಾಸಿನ ಮಾಸ್ತರರಲ್ಲವೇ? ಕಣ್ಣು ಬೀದಿಯ ಮೇಲೆ, ಬೆರಳು ಕೀಲಿಯ ಮೇಲೆ. ನನಗೆ ಅದೆಲ್ಲ ಬರೀ ಠೀವಿಯಾಗಿ ಕಾಣುತ್ತಿತ್ತು.

ಹಾನಗಲ್ಲಿನ ಮದುವೆಯೊಂದಕ್ಕೆ ಹೊರಟಾಗಲೂ ಅದು ಬಂತು. ಬಸ್ಸಿನಲ್ಲಿ ಅದಕ್ಕೆ ಕಿಟಕಿಯ ಸೀಟು, ನನಗೆ ನಿಲ್ಲುವ ಭಾಗ್ಯ. ಕಂಡಕ್ಟರ್ ಗೊಣಗಿದಾಗ ಮಾಮಾ ಮರುಮಾತಿಲ್ಲದೆ ಅದಕ್ಕೂ ಅರ್ಧ ಟಿಕೆಟ್ ತೆಗೆಸಿದರು!

ಈ ದಸರೆಗೆ ನಾನು ಹಿರೇಕೆರೂರಿನಿಂದ ಮಾಮಾನಿಗೆಂದು ಹೊಸ ಲ್ಯಾಪ್‌ಟಾಪ್ ಒಯ್ದೆ. ನೋಟುಬುಕ್ಕಿನಷ್ಟು ತೆಳು, ಸದ್ದಿಲ್ಲ, ಯಜಮಾನನ ಮುಖ ನೋಡಿಯೇ ತೆರೆದುಕೊಳ್ಳುತ್ತದೆ. ಆಯುಧ ಪೂಜೆಯ ದಿನ ಮಾಮಾ ಎರಡನ್ನೂ ಮಣೆಯ ಮೇಲಿಟ್ಟು ವಿಭೂತಿ ಹಚ್ಚಿದರು. ಹಳೆಯದಕ್ಕೆ ಬೆನ್ನ ಮೇಲೆ. ಹೊಸದಕ್ಕೆ ಪರದೆಯ ಹಣೆಗೆ, ಸರಿಯಾಗಿ ಕ್ಯಾಮೆರಾದ ಮೇಲೆಯೇ! ಅದು ತೆರೆಯಲಿಲ್ಲ. "ಮನಿ ಮಂದೀ ಗುರ್ತ ಹಿಡಿಯೂದಿಲ್ಲಲ್ಲವಾ ಇದು," ಎಂದು ಬದಿಗೆ ಸರಿಸಿದರು. ನಾನು ಒರೆಸಿ ಕೊಟ್ಟರೂ ಮುಟ್ಟಲಿಲ್ಲ.

ಹಬ್ಬ ಮುಗಿದ ಮೇಲೆ ಅಂಗಡಿಗೇ ಹೋಗಿ ಜಗಳಕ್ಕೆ ನಿಂತೆ. ಈ ಕಲ್ಲನ್ನು ಗುಜರಿಗೆ ಹಾಕಿರೆಂದೆ. ಮಾಮಾ ಯಾರದೋ ವಿಧವಾ ವೇತನದ ಅರ್ಜಿಯನ್ನು ಟಕಟಕ ಬಡಿದು ಮುಗಿಸಿ, ತಪ್ಪಿದ್ದರೆ ತೋರಿಸು ಎಂದು ಸವಾಲು ಹಾಕಿದರು. ಬಗ್ಗಿ ನೋಡಿದೆ. ಗಿರಣಿ ತಿರುಗುತ್ತಿತ್ತು, ಪರದೆ ಮಾತ್ರ ಪೂರ್ತಿ ಕಪ್ಪಾಗಿತ್ತು.

"ಮಾಮಾ, ಪರದೆ ಕೆಟ್ಟೈತ್ರಿ."

ಅವರ ಬೆರಳುಗಳು ಕೀಲಿಯ ಮೇಲೆಯೇ ನಿಂತವು. ಮೆಲ್ಲಗೆ ಕೇಳಿದರು: "ಕೆಟ್ಟು ಎಷ್ಟ ಹೊತ್ತಾತವಾ?"

ನಾನು ತಿರುಗಿ ಮಾಮಾನ ಕಣ್ಣು ನೋಡಿದೆ.

"ಕಣ್ಣು ಮಂಜಾಗ್ಯಾವ. ಇನ್ನ ಇಷ್ಟ ಅಂತ ಡಾಕ್ಟರು ಅಂದಾರ. ಹೊಸಾದರ ಕೀಲಿ ಸಪಾಟ ಅದಾವ, ಕೈಗೆ ಹತ್ತೂದಿಲ್ಲ. ಇದರಾಗ ಅಕ್ಷರ ಬೆರಳಿಗೆ ಸಿಗತಾವ. ಯಾರ ಮುಂದೂ ಹೇಳಬ್ಯಾಡವಾ, ಕುರುಡನ ಹತ್ರ ಅರ್ಜಿ ಯಾರು ತರ್ತಾರ?"

ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಳು ಬಂತು, ಅವರಿಗೆ ಕಾಣುವುದಿಲ್ಲವಲ್ಲ, ಒರೆಸಿಕೊಳ್ಳಲೂ ಹೋಗಲಿಲ್ಲ.

"ಇದಕ್ಕ ಬ್ಯಾರೆ ಪರದೆ ಜೋಡಸ್ತೇನ್ರಿ ಮಾಮಾ," ಎಂದೆ. "ರಜಾ ಮುಗಿಯೂತನಕ ನೀವು ಬಡೀರಿ, ನಾ ಓದತೇನಿ."

ಮಾಮಾ ಬೆಂಚಿನ ಮೇಲೆ ಸರಿದು ನನಗೆ ಜಾಗ ಮಾಡಿಕೊಟ್ಟರು.