ಇಂಜಿನ್ನಿನ ಮೈಮೇಲೊಂದು ಕೆಂಪು ಗೆರೆ

ಏಪ್ರಿಲ್ ಬಂದು ಲೇಕ್‌ಗಳ ಐಸ್ ಕರಗಿತು ಅಂದರೆ ಸಾಕು, ನನ್ನ ಮಾನ ಹರಾಜಿಗೆ ಬಂತು ಅಂತಲೇ ತಿಳಿಯಿರಿ. ಒಂದು ಸಲ ಆಯಿತು, ಬುದ್ಧಿ ಬಂತು ಅನ್ನೋ ಹಾಗೇ ಇಲ್ಲ. ಮುಂದಿನ ಬೋಟ್ ಬಂದಾಗ ಇನ್ನೇನೋ ಆಗಿಯೇ ತೀರುತ್ತದೆ. ಆ ರಿಸೆಶನ್ ಕಾಲದ ಮೊದಲ ಏಪ್ರಿಲ್ ನೆನೆಸಿಕೊಂಡು ಈಗ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ, ಸ್ವಾಮಿ.

೧. ಇಂಟರ್‌ವ್ಯೂ

ಡೆಟ್ರಾಯಿಟ್‌ನ ಕಾರ್ ಕಂಪನಿಯೊಂದರಲ್ಲಿ ಹದಿನೆಂಟು ವರ್ಷ ಇಂಜಿನ್ ಡಿಸೈನ್ ಮಾಡಿದವನು ನಾನು. ಮಾಡಿದ್ದೆಲ್ಲ ಕಂಪ್ಯೂಟರ್ ಮೇಲೆ; ಬೆರಳಿಗೆ ಒಂದು ತೊಟ್ಟು ಆಯಿಲ್ ಹತ್ತಿಸಿಕೊಂಡವನಲ್ಲ. ಲೇ ಆಫ್ ಆಯಿತು. ಆರು ತಿಂಗಳು ಎಲ್ಲೆಲ್ಲೂ ಅಪ್ಲೈ ಮಾಡಿ, ಕೊನೆಗೆ ಮನೆ ಹತ್ತಿರದ ಬೋಟ್ ರಿಪೇರಿ ಯಾರ್ಡ್‌ಗೆ ಹೋಗಿ ನಿಂತೆ. ಯಜಮಾನ ಎಪ್ಪತ್ತರ ಆಸುಪಾಸಿನ ಅಮೆರಿಕನ್ ಮುದುಕ.

"ಒಳಗಿನ ನೀರು ಫ್ರೀಜ್ ಆದರೆ ಇಂಜಿನ್‌ಗೆ ಏನಾಗುತ್ತೆ?" ಅಂತ ಕೇಳಿದ.

ಸಿಕ್ಕಿದ್ದೇ ಚಾನ್ಸು ಅಂತ ಹತ್ತು ನಿಮಿಷ ಕೊರೆದೆ. ಐಸ್ ಹೇಗೆ ಹಿಗ್ಗುತ್ತೆ, ಕಬ್ಬಿಣ ಹೇಗೆ ಬಿರಿಯುತ್ತೆ, ಎಲ್ಲ ಹೇಳಿ ಪೇಪರ್ ಮೇಲೆ ಗ್ರಾಫನ್ನೂ ಬರೆದೆ.

"ಸರಿ, ಆ ನೀರನ್ನ ಹೊರಗೆ ಬಿಡೋ ಪ್ಲಗ್ ತೋರಿಸು."

ಬಗ್ಗಿ, ಎದ್ದು, ಪಕ್ಕದಲ್ಲಿ ಇಳಿಸಿಟ್ಟಿದ್ದ ಬೋಟ್ ಇಂಜಿನ್ನಿಗೆ ಎರಡು ಪ್ರದಕ್ಷಿಣೆ ಹಾಕಿದೆ. "ಈ ಮಾಡೆಲ್‌ನಲ್ಲಿ ಕೊಟ್ಟಿಲ್ಲ ಅನ್ಸುತ್ತೆ" ಅಂದೆ.

"ಅದರ ಮೇಲೇ ಕೈ ಇಟ್ಕೊಂಡು ನಿಂತಿದೀಯ" ಅಂದ ಮುದುಕ.

೨. ಊರಿನ ಕಂಬಳಿ

ಆದರೂ ಒಂದು ತಿಂಗಳು ಟ್ರಯಲ್ ಅಂತ ಇಟ್ಟುಕೊಂಡ. ಅದೂ ಹೋದರೆ ನಮ್ಮ ಗತಿ ಐದು ಗಂಟೆ ಡ್ರೈವ್ ದೂರದ ಬೋಲಿಂಗ್‌ಬ್ರೂಕ್. ಅಲ್ಲಿ ನನ್ನ ಷಡ್ಡಕ ಇದ್ದಾನೆ. "ವೇರ್‌ಹೌಸ್‌ನಲ್ಲಿ ಕೆಲಸ ಕೊಡಿಸ್ತೀನಿ, ನಮ್ಮ ಬೇಸ್‌ಮೆಂಟಲ್ಲಿ ಇದ್ದುಬಿಡಿ" ಅಂತ ವಾರಕ್ಕೆ ಎರಡು ಸಲ ಫೋನು. ಪಾಪ, ಒಳ್ಳೆ ಮನಸ್ಸೇ. ಆದರೆ ನನ್ನ ಹೆಂಡತಿ ಖಡಾಖಂಡಿತ ಹೇಳಿಬಿಟ್ಟಿದ್ದಳು: "ಅಕ್ಕನ ತಲೆ ಮೇಲೆ ಬೇಕಾದ್ರೂ ಕೂರ್ತೀನಿ, ಅಕ್ಕನ ಮನೆ ಕೆಳಗೆ ನಾನಿರಲ್ಲ."

ಮೊದಲ ವಾರ ಬಂದವರು ಧಾರವಾಡದ ಕಡೆಯ ಐಟಿಯವರೊಬ್ಬರು. ರಿಸೆಶನ್‌ನಲ್ಲಿ ಯಾರೋ ಬಂದಷ್ಟಕ್ಕೆ ಮಾರಿದ ಬೋಟ್ ಕೊಂಡು, ನೀರು ತೆಗೆಸದೆ ಚಳಿಗಾಲವಿಡೀ ಅಂಗಳದಲ್ಲಿ ನಿಲ್ಲಿಸಿದ್ದರು.

"ಅಲ್ರೀ, ಕಾರು ಹೊರಗ ನಿಂತಿರ್ತದ, ಅದಕ್ಕೇನೂ ಆಗಂಗಿಲ್ಲಲ್ಲ?"

"ಕಾರಿಗೆ ಆಂಟಿಫ್ರೀಜ್ ಇರುತ್ತೆ ಸಾರ್. ಬೋಟ್ ಲೇಕ್ ನೀರನ್ನೇ ಒಳಗೆ ಎಳ್ಕೊಳ್ಳುತ್ತೆ."

"ಹಂಗೇನೂ ಬಿಟ್ಟಿಲ್ರೀ, ಕಂಬಳಿ ಹೊಚ್ಚೀನಿ. ಊರಾಗಿಂದ ತಂದದ್ದು!"

ಇಂಜಿನ್ ನೋಡಿದೆ. ಆಯಿಲ್ ಕಡ್ಡಿ ಎಳೆದು ನೋಡಿದೆ. ಒಳಗೆ ಬಿರಿದಿದ್ದರೆ ಆಯಿಲ್ ನೀರು ಬೆರೆತು ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತೆ; ತಿರುಗಿರಲಿಲ್ಲ. "ಏನೂ ಆಗಿಲ್ಲ!" ಅಂತ ಘೋಷಿಸಿ, ಪೈಪಿನಿಂದ ನೀರು ಬಿಟ್ಟು ಸ್ಟಾರ್ಟ್ ಮಾಡಿದೆ. ಪಕ್ಕದ, ಹೊಗೆ ಹೊರಗೆ ಕಳಿಸೋ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬಿರುಕಿನಿಂದ ಕಾರಂಜಿ ಎದ್ದಿತು. ನೇರ ಯಜಮಾನನ ಎದೆಗೆ.

ಮುದುಕ ಮುಖ ಒರೆಸಿಕೊಂಡು ನನಗೆ ಒಂದೇ ಮಾತು ಹೇಳಿದ: "ಇನ್ನೊಂದು ಸಲ ತಪ್ಪು ಹೇಳಿದರೆ ನೀನು ಮನೆಗೆ." ಧಾರವಾಡದವರು ಮಾತ್ರ ಬಗ್ಗಿ ನೋಡಿ ಖುಷಿಯಾದರು.

"ನೋಡ್ರಿ, ಕಂಬಳಿ ಮುಟ್ಟಿದ್ದು ಇಲ್ಲೀತನಕ. ಬಿರಿದದ್ದು ಅದರಾಚೆ!"

೩. ಡಾಕ್ಟ್ರಿಗೇ ಕೆಟ್ಟ ಸುದ್ದಿ

ಟ್ರಯಲ್‌ನ ಕೊನೆ ವಾರ ಬಂದದ್ದು ವೆಸ್ಟ್ ಬ್ಲೂಮ್‌ಫೀಲ್ಡ್‌ನ ಹಾರ್ಟ್ ಡಾಕ್ಟ್ರ ಬೋಟು. ಮೈಸೂರಿನವರು, ದೊಡ್ಡ ಮನುಷ್ಯರು. ಅಕ್ಟೋಬರ್ ಕೊನೆಗೆ ನೀರನ್ನು ತಾವೇ ತೆಗೆದಿದ್ದರಂತೆ.

"ಪ್ಲಗ್ ಬಿಚ್ಚಿದಾಗ ನೀರು ಚೆನ್ನಾಗಿ ಬಂತಾ ಸಾರ್?" ಅಂತ ಬೋಟ್ ಬಿಟ್ಟು ಹೊರಟವರನ್ನ ಕೇಳಿದೆ.

"ಒಂದು ಲೋಟದಷ್ಟು ಬಂತಪ್ಪ."

ತೂತಿಗೆ ಕಸ ಕಟ್ಟಿಕೊಂಡರೆ ಹೀಗೇ ಒಂದು ಲೋಟ ಬರುತ್ತೆ, ಮಿಕ್ಕಿದ್ದು ಒಳಗೇ ಕೂತು ಐಸ್ ಆಗುತ್ತೆ. ಟಾರ್ಚ್ ಬಿಟ್ಟು ನೋಡಿದೆ. ಇಂಜಿನ್ನಿನ ಪಕ್ಕೆಯಲ್ಲಿ ಸರಿಯಾಗಿ ಬಿರಿಯೋ ಜಾಗದಲ್ಲೇ ಮೇಲಿನಿಂದ ಕೆಳಗೆ ಇಳಿದ ಕೆಂಪು ಗೆರೆ. ಬಿರುಕಿನಿಂದ ನೀರು ಜಿನುಗಿ ತುಕ್ಕು ಹಿಡಿದರೆ ಹೀಗೇ ಕಾಣೋದು. ಈ ಸಲ ತಪ್ಪಬಾರದು ಅಂತ ಮೂರು ಸಲ ನೋಡಿದೆ. ಆಮೇಲೆ ಫೋನ್ ತಗೊಂಡೆ.

"ಡಾಕ್ಟ್ರೇ, ಸ್ವಲ್ಪ ಕೂತ್ಕೊಳ್ಳಿ. ಮನಸ್ಸು ಗಟ್ಟಿ ಮಾಡ್ಕೊಳ್ಳಿ."

"ಉಳಿಯುತ್ತೇನಪ್ಪ?"

"ಕಷ್ಟ ಸಾರ್. ಹೊಸ ಇಂಜಿನ್ನೇ ಹಾಕ್ಬೇಕು."

ಆ ಕಡೆಯಿಂದ ಸಣ್ಣ ದನಿ: "ಸೆಕೆಂಡ್ ಒಪಿನಿಯನ್ ತಗೋಬಹುದಾ?"

ತಗೋಬಹುದು ಅಂತ ಯಜಮಾನನನ್ನು ಕರೆದೆ. ಮುದುಕ ಬಂದ, ಹೆಬ್ಬೆರಳಿಂದ ಗೆರೆಯನ್ನು ಉಜ್ಜಿದ. ಗೆರೆ ಪೂರ್ತಿ ಬೆರಳಿಗೆ ಬಂತು. ಕೆಳಗೆ ಇಂಜಿನ್ನಿನ ಪೇಂಟು ಹೊಳೀತಾ ಇತ್ತು.

"ಇದು ತುಕ್ಕಲ್ಲ" ಅಂದ. "ನಿಮ್ಮ ಜನರ ಬೋಟ್‌ಗೆಲ್ಲ ಪ್ರತಿ ವರ್ಷ ಬರುತ್ತೆ. ಶರತ್ಕಾಲದಲ್ಲಿ ಬರುತ್ತೆ. ಹುಡುಕು, ಎಲ್ಲಾದರೂ ನಿಂಬೆಹಣ್ಣೂ ಇರುತ್ತೆ."

ಇತ್ತು, ಸ್ವಾಮಿ. ಬ್ಯಾಟರಿ ಹಿಂದೆ, ಗೋಲಿಯಷ್ಟಾಗಿ ಒಣಗಿ ಕೂತಿತ್ತು. ಫೋನ್‌ನಲ್ಲೇ ಇದ್ದ ಡಾಕ್ಟ್ರನ್ನು ಕೇಳಿದೆ. "ಹೌದಪ್ಪ, ಆಯುಧ ಪೂಜೆ ದಿನ ನಮ್ಮ ಮನೆಯವರು ಇಂಜಿನ್ ಒರೆಸಿ ಕುಂಕುಮ ಇಟ್ಟು ನೀರು ಪ್ರೋಕ್ಷಣೆ ಮಾಡಿದ್ರು. ಏನಾದ್ರೂ ತೊಂದರೆ ಆಯ್ತಾ?"

ಆದರೂ ಮುದುಕ ಬಿಡಲಿಲ್ಲ. ನೀರು ಓಡಾಡೋ ದಾರಿಯ ಎರಡೂ ತುದಿ ಮುಚ್ಚಿಸಿ, ಗಾಳಿ ತುಂಬಿಸಿ, ಸೋಪಿನ ನೀರು ಹೊಡೆಸಿದ. ಹದಿನೈದು ನಿಮಿಷ ನಾನು ಮೀಟರಿನ ಮುಳ್ಳನ್ನೇ ನೋಡುತ್ತಾ ಕೂತೆ. ಮುಳ್ಳು ಅಲುಗಲಿಲ್ಲ, ಒಂದು ಗುಳ್ಳೆಯೂ ಏಳಲಿಲ್ಲ; ಮಿಕ್ಕ ನೀರನ್ನು ಡಾಕ್ಟ್ರು ಮೊದಲೇ ಇನ್ನೊಂದು ಪೈಪ್ ಬಿಚ್ಚಿ ತೆಗೆದಿದ್ದರಂತೆ. ಇಂಜಿನ್ ಉಳಿಯಿತು, ನನ್ನ ಕೆಲಸ ಹೋಯಿತು; ನಮ್ಮಪ್ಪನಾಣೆ, ಅಳು ಬಂತು.

"ನೀನು ತಪ್ಪು ಹೇಳಿದೆ" ಅಂದ ಮುದುಕ. ತಲೆ ತಗ್ಗಿಸಿ ಟೂಲ್ಸ್ ಎತ್ತಿಡತೊಡಗಿದೆ. "ಎಲ್ಲಿಗೆ ಹೋಗ್ತೀಯ? ಫೋನ್ ಮಾಡಿ ಇವರನ್ನೆಲ್ಲ ಏನು ಪೂಜೆ ಮಾಡಿದ್ರಿ ಅಂತ ಕೇಳೋಕೆ ನನಗೊಬ್ಬ ಬೇಕಲ್ಲ. ಸೋಮವಾರ ಏಳು ಗಂಟೆಗೆ ಬಾ."

ಮನೆಗೆ ಬಂದು ಬಾಗಿಲಲ್ಲೇ ಕೂಗಿದೆ: "ಕೆಲಸ ಉಳೀತು ಕಣೇ! ಬೋಲಿಂಗ್‌ಬ್ರೂಕ್ ಕ್ಯಾನ್ಸಲ್!" ಹೆಂಡತಿ ದೇವರಿಗೆ ಕೈ ಮುಗಿದಳು, ಕಣ್ಣೊರೆಸಿಕೊಂಡಳು, ಕಾಫಿ ಕೊಟ್ಟು ಕಥೆಯೆಲ್ಲ ಕೇಳಿದಳು. ಕೇಳಿ ಮುಗಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

"ಅಲ್ಲಾ, ಆ ಅಜ್ಜನಿಗೆ ಗೊತ್ತು, ನಿಮಗೆ ಗೊತ್ತಾಗಲಿಲ್ವಾ? ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಹಣೆಗೆ ಇಟ್ಕೊಂಡು ನಿಮ್ಮ ಕಣ್ಣೆದುರಿಗೇ ಓಡಾಡ್ತಿದೀನಲ್ರೀ!"