ಎಣ್ಣೆಗೆಂಪು

ನಮ್ಮ ಸೋದರತ್ತೆಗೆ ಕಣ್ಣಿನ ದೋಷವಿತ್ತು ಎಂದರೆ ನೀವು ನಂಬಲೇಬೇಕು. ಕಾಗೆ ಕಪ್ಪು, ಕೊಡೆ ಕಪ್ಪು, ಬಾಣಲೆಯ ತಳ ಕಪ್ಪು, ಎಲ್ಲವೂ ಅವರಿಗೆ ಸರಿಯಾಗಿಯೇ ಕಾಣುತ್ತಿದ್ದವು. ನನ್ನನ್ನು ನೋಡಿದರೆ ಮಾತ್ರ "ಎಣ್ಣೆಗೆಂಪು" ಎನ್ನುತ್ತಿದ್ದರು!

"ಅದ್ಯಾವ ಬಣ್ಣ ಅತ್ತೆ?" ಎಂದು ಚಿಕ್ಕವಳಿದ್ದಾಗ ಕೇಳಿದೆ. ಎಣ್ಣೆ ಹಾಕಿ ಉಜ್ಜಿದ ಕೆಂಪು ಗಾರೆನೆಲ ತೋರಿಸಿದರು. ನಾನೇನು ನೆಲವೇ ಎಂದು ಮುನಿಸಿಕೊಂಡೆ. ಮರುದಿನ ಕಾಫಿ ಹುರಿಯುವಾಗ ಒಲೆಯ ಹತ್ತಿರ ಎಳೆದುಕೊಂಡು ಹೋದರು. ಯಸಳೂರು ಕಡೆ ಆಗ ಮನೆಖರ್ಚಿನ ಕಾಫಿಯನ್ನು ಮನೆಯಲ್ಲೇ ಹುರಿಯುತ್ತಿದ್ದೆವು. ಬೀಜ ಕೆಂಪಗೆ ಕಂದಿ, ಎಣ್ಣೆ ಬಿಟ್ಟು ಮಿರಮಿರ ಎನ್ನುವಾಗ, "ನೋಡು, ಇದೇಯ! ಆ ಮಾತು ಹುಟ್ಟಿದ್ದೇ ಈ ಬಾಣಲೇಲಿ" ಎಂದರು. ಪಂಡಿತರು ಒಪ್ಪುತ್ತಾರೋ ಇಲ್ಲವೋ! ಅತ್ತೆಯ ಎದುರು ವಾದಕ್ಕೆ ನಿಲ್ಲುವ ಪಂಡಿತ ನಮ್ಮೂರಲ್ಲಂತೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನಗೆ ಗಂಡು ಹುಡುಕತೊಡಗಿದರು. "ಬಣ್ಣ ಸ್ವಲ್ಪ ಕಡಿಮೆ" ಎಂದು ಒಂದು ಸಂಬಂಧ ತಪ್ಪಿತು. ಕಡಿಮೆಯಂತೆ! ಜಾಸ್ತಿಯೇ ಇತ್ತಲ್ಲವೇ? ಸಕಲೇಶಪುರದ ಸ್ಟುಡಿಯೋದವನು ಪಾಪ, ಉಪಕಾರವೆಂದು ಫೋಟೋದಲ್ಲಿ ನನ್ನನ್ನು ಬೆಳ್ಳಗೆ ಮಾಡಿಕೊಟ್ಟ. ಅತ್ತೆ ಬಸ್ ಹತ್ತಿ ಹೋಗಿ ಫೋಟೋವನ್ನು ಅವನ ಮೇಜಿನ ಮೇಲೆ ಬಡಿದರು.

"ಇದ್ಯಾರ ಮನೆ ಹೆಣ್ಣೋ ಮಾರಾಯ? ನಮ್ಮುಡ್ಗಿ ಎಲ್ಲೋದ್ಲು?"

ಆಮೇಲೆ ವನಗೂರು ಕಡೆಯವರು ಹೆಣ್ಣು ನೋಡಲು ಬಂದರು. ಗಂಡಿನ ತಾಯಿ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಕಾಫಿ ಚೆನ್ನಾಗೈತೆ. ಹುಡ್ಗಿ ಇನ್ನೊಂಚೂರು ಬೆಳ್ಳಗಿದ್ದಿದ್ರೆ..." ಎಂದು ರಾಗ ಎಳೆದರು. ಅತ್ತೆ ನಗುತ್ತಲೇ ಒಳಗೆ ಹೋಗಿ, ಒಂದು ಪೊಟ್ಟಣ ತಂದು ಆಕೆಯ ಕೈಗಿಟ್ಟರು.

"ಏನ್ರೀ ಇದು?"

"ಹುರೀದೇ ಇರೋ ಬೀಜ ಕಣ್ರೀ. ಬೆಳ್ಳಗೈತೆ. ನೀವು ಇದನ್ನೇ ಕುದಿಸ್ಕೊಂಡು ಕುಡೀರಿ!"

ಆ ಸಂಬಂಧವೂ ತಪ್ಪಿತೆಂದು ಬೇರೆ ಹೇಳಬೇಕೆ? ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ನಾನು ಹಿತ್ತಲಲ್ಲಿ ಅಳುತ್ತಾ ಕೂತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನಾನು ಕಪ್ಪೇ ಅಲ್ವಾ ಅತ್ತೆ? ನಿಜ ಹೇಳು."

"ನನ್ನಷ್ಟೇ ಕಪ್ಪು ಕಣೇ" ಎಂದರು ಅತ್ತೆ. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. "ನೀನು ಹುಟ್ಟಿದ ದಿನ ಸೂಲಗಿತ್ತಿ 'ಮಗು ಅತ್ತೆ ಬಣ್ಣ' ಅಂದ್ಲು. ಎಲ್ರ ಮುಖಾನೂ ಸಪ್ಪಗಾಗ್ಬುಡ್ತು. 'ಕರಿ ಹುಡ್ಗಿ' ಅಂತ ಕರೆಸ್ಕೊಂಡೇ ಬೆಳ್ದವ್ಳು ನಾನು. ಮದ್ವೆನೂ ಆಗ್ಲಿಲ್ಲ. ಆ ಮಾತು ನಿನ್ನ ಕಿವಿಗೆ ಬೀಳೋಕ್ ಮುಂಚೆ ಬೇರೆ ಹೆಸ್ರು ಹೇಳ್ಬುಟ್ಟೆ."

ನಾನು ಒಂದು ದಿನವೂ ಕನ್ನಡಿಯ ಮುಂದೆ ತಲೆ ತಗ್ಗಿಸದೆ ಬೆಳೆದದ್ದು ಯಾರ ಪುಣ್ಯ ಎಂದು ಆಗ ತಿಳಿಯಿತು. ಅತ್ತೆಯ ಮುಖ ನನ್ನ ಕಡೆ ತಿರುಗಿಸಿಕೊಂಡು, "ನೀನೂ ಎಣ್ಣೆಗೆಂಪೇ ಅತ್ತೆ" ಎಂದೆ.

ಗಂಡಿನವರನ್ನೇ ಓಡಿಸಿದ ಹೆಂಗಸು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಾಚಿಬಿಟ್ಟರು.