ಮೊದಲು ಹೆಸರು, ಆಮೇಲೆ ನೀರು

ಬಹಳ ಹಿಂದೆ, ಎಂದರೆ ಅರಸರು ತಪ್ಪು ಮಾಡುತ್ತಿದ್ದ ಕಾಲದಲ್ಲಿ, ಎಲರಗಿರಿ ಎಂಬ ಒಂದು ರಾಜ್ಯವಿತ್ತು. ಈಗ ಅಂಥ ಕಾಲವೂ ಇಲ್ಲ, ಅಂಥ ಅರಸರೂ ಇಲ್ಲ ಎಂಬುದು ದಿನವೂ ಪತ್ರಿಕೆ ಓದುವ ನಿಮಗೆ ಗೊತ್ತೇ ಇದೆ. ಆದ್ದರಿಂದ ನಿಶ್ಚಿಂತೆಯಾಗಿ ಓದಬಹುದು.

ಆ ರಾಜ್ಯವನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ, ಬಿಸಿಲುಮರ್ದನ, ಸಪ್ತಸರೋವರಾಧೀಶ ಸರ್ವಪ್ರಸನ್ನ ಭೂಪಾಲರು. ಏಳು ಸರೋವರಗಳಲ್ಲಿ ಆರು ಬತ್ತಿದ್ದವು, ಬಿರುದು ಬತ್ತಿರಲಿಲ್ಲ. ಇಂಥ ನಲವತ್ತೊಂದು ಬಿರುದುಗಳಿದ್ದು, ಒಂದನ್ನು ಬಿಟ್ಟು ಹೇಳಿದರೂ ರಾಜದ್ರೋಹವಾಗುತ್ತಿತ್ತು.

ರಾಜಧಾನಿಯಿಂದ ಅರ್ಧ ದಿನದ ದಾರಿಯಲ್ಲಿ, ಮೂರು ರಸ್ತೆ ಕೂಡುವ ಕಡೆ ಒಂದು ಬೇವಿನಮರ, ಮರದ ಪಕ್ಕ ಒಂದು ಬಾವಿ, ಮರದ ಕೆಳಗೆ ಒಂದು ಅರವಟ್ಟಿಗೆ. ಅಲ್ಲಿ ಮರಳಿನ ಮೇಲೆ ಎರಡು ಮಣ್ಣಿನ ಗಡಿಗೆಗಳನ್ನಿಟ್ಟುಕೊಂಡು ದೇಮವ್ವ ಎಂಬ ಹುಡುಗಿ ದಾರಿಹೋಕರಿಗೆ ನೀರು ಕೊಡುತ್ತಿದ್ದಳು. ತಾಯಿ ಸಾಯುವಾಗ ಅವಳ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಗಡಿಗಿ ಒಣಗಸಬ್ಯಾಡವ್ವ." ಮರುದಿನವೇ ದೇಮವ್ವ ನಾಲ್ಕನೆಯ ಇಯತ್ತೆಯ ಪಾಟಿಯನ್ನು ಗೂಟಕ್ಕೆ ತೂಗುಹಾಕಿ ಹಗ್ಗ, ಕೊಡ ಹಿಡಿದಿದ್ದಳು. ಅಂದಿನಿಂದ ಆ ಗಡಿಗೆಗಳು ಒಂದು ಹೊತ್ತೂ ಒಣಗಿದ್ದಿಲ್ಲ.

ಅವಳಿಗೆ ನಾಚಿಕೆ ಬಹಳ. ಯಾರಾದರೂ ಮಾತಾಡಿಸಿದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬೆರಳು ಕೆಂಪಾದ ಮೇಲೆ ಬಿಚ್ಚುತ್ತ ನಿಲ್ಲುವಳು. ಆದರೆ ಅರವಟ್ಟಿಗೆಯ ಪದ್ಧತಿ ಅವಳಿಗೆಂದೇ ಮಾಡಿದಂತಿತ್ತು. ಬಂದವರ ಕೈಯಲ್ಲಿ ಮೊದಲು ಒಂದು ಚೂರು ಬೆಲ್ಲ ಇಡಬೇಕು, ಆಮೇಲೆ ಒಂದು ತಂಬಿಗೆ ನೀರು. ಕುಡಿದು ಮುಗಿಸುವ ತನಕ ಅವರ ಹೆಸರು, ಊರು, ಕುಲ ಯಾವುದನ್ನೂ ಕೇಳಬಾರದು. ಹೆಸರು ಕೇಳಿ ಕೊಟ್ಟ ನೀರು ಗಂಟಲಲ್ಲೇ ನಿಲ್ಲುತ್ತದೆ ಎಂದು ಅಲ್ಲಿಯವರ ನಂಬಿಕೆ. ಕುಡಿದ ಮೇಲೆ ಜನ ತಾವಾಗಿ ಹೇಳಿದರೆ ಹೇಳಿದರು, ಇಲ್ಲದಿದ್ದರೆ ಬಾಯಿ ಒರೆಸಿಕೊಂಡು ನಡೆದರು. ಮಾತಿನ ಭಾಗವನ್ನೆಲ್ಲ ಜತೆಗಿದ್ದ ಸೋದರತ್ತೆ ಗುರಸಿದ್ದವ್ವ ವಹಿಸಿಕೊಂಡಿದ್ದಳು. ಅವಳಿಗೆ ಇಬ್ಬರ ಪಾಲಿನ ಬಾಯಿ ಇತ್ತು.

ಒಂದು ದಿನ ಅರಮನೆಯಿಂದ ಗಣತಿಯ ಅಧಿಕಾರಿಯೊಬ್ಬ ಬಂದ. ಬೆಲ್ಲ ತಿಂದ, ಎರಡು ತಂಬಿಗೆ ನೀರು ಕುಡಿದ, ಕಡತ ಬಿಚ್ಚಿದ.

"ಇಲ್ಲಿಗೆ ದಿನಕ್ಕೆ ಎಷ್ಟು ಮಂದಿ ಪ್ರವಾಸಿಗರು ಆಗಮಿಸುತ್ತಾರೆ?"

"ಬರ್ತಾರ್ರೀ," ಎಂದಳು ದೇಮವ್ವ ನೆಲಕ್ಕೆ.

"ಅವರ ನಾಮಧೇಯಗಳು?"

"ಕೇಳಂಗಿಲ್ರೀ."

"ಯಾಕೆ?"

ಗುರಸಿದ್ದವ್ವ ನಡುವೆ ಬಾಯಿ ಹಾಕಿದಳು. "ಎರಡ ತಂಬಿಗಿ ಕುಡದ್ರೆಲ್ಲ ಸಾಹೇಬ್ರ, ನಿಮ್ಮ ಹೆಸರ ಯಾರರ ಕೇಳಿದ್ರೇನು?"

"ಅದು ಬೇರೆ. ಹೆಸರಿಲ್ಲದವರನ್ನು ಪಟ್ಟಿಗೆ ಸೇರಿಸಲು ಬರುವುದಿಲ್ಲ," ಎಂದು ಅಧಿಕಾರಿ ಕಾಲಂ ತುಂಬತೊಡಗಿದ. ಅವನ ಬೆನ್ನ ಹಿಂದೆ ಆಗ ಮೂವರು ಕಂಬಳಿ ಮಾರುವವರು, ಒಬ್ಬ ಬಳೆಗಾರ, ಕಡಲ ಸೀಮೆಯಿಂದ ಬಂದ ಐದು ಜನ ಯಾತ್ರಿಕರು ಸರದಿಗೆ ಕಾಯುತ್ತಿದ್ದರು. ಅಧಿಕಾರಿಯ ಅಕ್ಷರ ಮುದ್ದಾಗಿತ್ತು. ಸೊನ್ನೆಯನ್ನು ಒಂದೇ ಸಲಕ್ಕೆ, ಎಲ್ಲೂ ಕೈ ನಡುಗದಂತೆ ಬರೆದ.

ಆ ಸೊನ್ನೆಯನ್ನು ಪ್ರವಾಸೋದ್ಯಮ ಅಮಾತ್ಯ ವಾಗ್ಭೂಷಣರು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ಆಸ್ಥಾನಕ್ಕೆ ತಂದರು.

"ಪ್ರಭೂ, ಶುಭ ಸಮಾಚಾರ. ನಮ್ಮ ರಾಜ್ಯದಲ್ಲಿ ಪ್ರವಾಸಿಗರ ಸಂಖ್ಯೆ ಸೊನ್ನೆ."

"ಅದು ಶುಭವೇ?"

"ಸೊನ್ನೆಗಿಂತ ಕೆಳಗಿಳಿಯಲು ಸಾಧ್ಯವಿಲ್ಲವಲ್ಲ ಪ್ರಭೂ! ಇನ್ನೇನಿದ್ದರೂ ಏರಿಕೆಯೇ. ಇಂಥದ್ದಕ್ಕೆ ಹೊರದೇಶಗಳಲ್ಲಿ ಉದಯೋನ್ಮುಖ ಮಾರುಕಟ್ಟೆ ಎನ್ನುತ್ತಾರೆ."

"ಆಹಾ! ಹಾಗಾದರೆ ನಾವು ಉದಯಿಸುತ್ತಿದ್ದೇವೆ."

"ತಾವು ಎದ್ದ ಹೊತ್ತೇ ಉದಯ ಪ್ರಭೂ, ಆಗ ಹನ್ನೊಂದು ಗಂಟೆಯಾಗಿದ್ದರೂ."

ಆಸ್ಥಾನ ಚಪ್ಪಾಳೆ ತಟ್ಟಿತು. ಕೂಡಲೇ ಹೊರದೇಶಗಳ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಬಂತು: 'ಎಲರಗಿರಿಯಲ್ಲಿ ಏನೇನೂ ಇಲ್ಲ. ಎಲ್ಲವನ್ನೂ ನೀವೇ ಒದಗಿಸಬಹುದು. ಸರಬರಾಜುದಾರರಿಗೆ ಸುಸ್ವಾಗತ.'

ತಿಂಗಳೊಳಗೆ ಸರಬರಾಜುದಾರರು ಬಂದರು. ಒಬ್ಬ ಮಡಚುವ ಹಾಸಿಗೆ ತಂದಿದ್ದ, ಒಬ್ಬ ತೊಳೆದ ಮರಳು ತಂದಿದ್ದ, ಒಬ್ಬ ಪ್ರಾಚೀನ ಶಿಲ್ಪಗಳನ್ನು ಹೊಚ್ಚಹೊಸದಾಗಿ ಮಾಡಿಸಿಕೊಂಡು ಬಂದಿದ್ದ. ನಗುವುದನ್ನು ಕಲಿಸುವ ಸಂಸ್ಥೆಯೊಂದು ತುಟಿ ಅಳೆಯುವ ಪಟ್ಟಿಯ ಸಮೇತ ಬಂದಿತ್ತು. ಒಟ್ಟು ಮೂವತ್ತೇಳು ಮಂದಿ. ಗಡಿಯಲ್ಲಿ ಎಲ್ಲರ ಹೆಸರು ಬರೆದುಕೊಂಡದ್ದರಿಂದ ಪ್ರವಾಸಿಗರ ಪಟ್ಟಿಯಲ್ಲಿ ಸೊನ್ನೆಯ ಜಾಗಕ್ಕೆ ಮೂವತ್ತೇಳು ಬಂದು ಕುಳಿತಿತು. ಇಷ್ಟು ಬೇಗ ಇಷ್ಟೊಂದು ಏರಿಕೆ ಭೂಮಂಡಲದಲ್ಲೇ ಇಲ್ಲವೆಂದು ಅಮಾತ್ಯರು ಪ್ರೆಸೆಂಟೇಷನ್ ಮಾಡಿ ತೋರಿಸಿದರು.

ಅವರಲ್ಲೆಲ್ಲ ದೊಡ್ಡವನು ಬರ್ಟೋಲಿನ್ ಎಂಬ ಸಾಹೇಬ. ಮಹಾರಾಜರು ಔತಣದ ನಡುವೆ ಅವನನ್ನು ಒಂದು ಮುಗ್ಧ ಪ್ರಶ್ನೆ ಕೇಳಿಬಿಟ್ಟರು: "ಪ್ರವಾಸಿಗರು ಯಾವಾಗ ಬರುತ್ತಾರೆ?"

ಬರ್ಟೋಲಿನ್ ತನ್ನ ಕ್ಯಾಟಲಾಗನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗೌರವದಿಂದ ತಿರುವಿದ. "ಮಹಾಪ್ರಭುಗಳೇ, ನಾವು ನೆರಳು ಕೊಡುತ್ತೇವೆ, ನೀರು ಕೊಡುತ್ತೇವೆ, ಸತ್ಕಾರ ಕೊಡುತ್ತೇವೆ. ಪ್ರವಾಸಿ ನಮ್ಮಲ್ಲಿ ಸಿಗುವುದಿಲ್ಲ. ಅದನ್ನು ತಾವು ಸ್ಥಳೀಯವಾಗಿ ಹೊಂದಿಸಿಕೊಳ್ಳಬೇಕು."

ಈ ಕೊನೆಯ ಮಾತನ್ನು ಅಮಾತ್ಯರು ಗುರುತು ಹಾಕಿಕೊಂಡರು.

ಮೊದಲ ಯೋಜನೆಗೆ ಮೂರು ರಸ್ತೆ ಕೂಡುವ ಜಾಗವೇ ಆಯ್ಕೆಯಾಯಿತು. ಬರ್ಟೋಲಿನ್ ಬಂದು ಬೇವಿನಮರದ ನೆರಳನ್ನು ಒಂದು ಇಡೀ ದಿನ ಕುರ್ಚಿ ಹಾಕಿಕೊಂಡು ಪರೀಕ್ಷಿಸಿದ. ಸಂಜೆ ವರದಿ ಕೊಟ್ಟ: ಈ ನೆರಳು ಬೆಳಿಗ್ಗೆ ಪಡುವಣಕ್ಕಿರುತ್ತದೆ, ಸಂಜೆ ಮೂಡಣಕ್ಕೆ ಹೋಗುತ್ತದೆ, ಅಂತರರಾಷ್ಟ್ರೀಯ ಗುಣಮಟ್ಟದ ನೆರಳು ಇಟ್ಟಲ್ಲೇ ಇರಬೇಕು. ಮರುದಿನ ಮರ ಬಿತ್ತು. ಅದು ನಿಂತಿದ್ದ ಕಡೆ ಹನ್ನೆರಡು ಬಣ್ಣದ ಕೊಡೆಗಳು ನಿಂತವು. ಕೊಡೆಗಳ ನೆರಳೂ ಸಂಜೆಗೆ ಮೂಡಣಕ್ಕೆ ಹೋಯಿತಾದರೂ ಅದನ್ನು ಅಳೆಯುವ ಕೆಲಸ ಟೆಂಡರಿನಲ್ಲಿ ಇರಲಿಲ್ಲ.

ಆಮೇಲೆ ಬಾವಿಯ ಸರದಿ. "ಬಾವಿ ನಿಮ್ಮದೇ ಇರಲಿ," ಎಂದ ಬರ್ಟೋಲಿನ್ ಉದಾರವಾಗಿ. "ಪೈಪು ಮಾತ್ರ ನಮ್ಮದು." ಪೈಪಿನ ತುದಿಗೆ ಆಳೆತ್ತರದ ಒಂದು ಸತ್ಕಾರ ಯಂತ್ರ ಬಂತು. ಎದುರಿಗೆ ನಿಂತವರ ಹೆಸರು ಕೇಳಿ, ಊರು ಕೇಳಿ, ಭೇಟಿಯ ಉದ್ದೇಶ ಕೇಳಿ, ಎಲ್ಲ ಸರಿಯಾಗಿದ್ದರೆ ಒಂದು ಲೋಟ ನೀರು ಬಿಡುವ ಯಂತ್ರ ಅದು.

ಉದ್ಘಾಟನೆಯ ದಿನ ಬೆಳಿಗ್ಗೆ ಅಮಾತ್ಯರ ಕಡೆಯವರು ಅರವಟ್ಟಿಗೆಗೆ ಆಜ್ಞೆ ತಂದರು: ಪರವಾನಗಿಯಿಲ್ಲದ ಸತ್ಕಾರ ಇಂದಿನಿಂದ ನಿಷೇಧ, ಮೀರಿದರೆ ಗಡಿಗೆಗಳ ಜಪ್ತಿ. ಅತ್ತೆಗೂ ಸೊಸೆಗೂ ಜನರನ್ನು ತಡೆಯಲು ಕಟ್ಟಿದ ಹಗ್ಗದ ಆಚೆ ಜಾಗ ಸಿಕ್ಕಿತು. ದೇಮವ್ವ ಗಡಿಗೆಗಳ ಮೇಲೆ ಗೋಣಿಚೀಲ ಹೊದಿಸಿ ಅವುಗಳ ಮುಂದೆ ಕುಳಿತಳು. ರಾತ್ರಿ ಸೇದಿದ ನೀರು ಇನ್ನೂ ಅರ್ಧಕ್ಕಿತ್ತು.

"ಚಿಂತಿ ಮಾಡಬ್ಯಾಡ," ಎಂದಳು ಗುರಸಿದ್ದವ್ವ. "ರಾಜ ಅಂದ್ರ ರಾಜ. ತಾನ ಬಂದು ನೋಡ್ಲಿ, ತಿಳೀತೈತಿ ಅವನಿಗೆ."

ವೈಶಾಖದ ನಡುಮಧ್ಯಾಹ್ನ ಮಹಾರಾಜರು ಜರತಾರಿ ಅಂಗಿ, ಕಿರೀಟ, ಮೂರು ಎಳೆ ಹಾರಗಳ ಸಮೇತ ದಯಮಾಡಿಸಿದರು. ಎರಡು ಗಂಟೆ ಭಾಷಣಗಳಾದವು. ಉದ್ಘಾಟನೆಯ ಮೊದಲ ಲೋಟವನ್ನು ಪ್ರಭುಗಳೇ ಸ್ವೀಕರಿಸಬೇಕೆಂದು ಬೆಳಗಿನಿಂದ ಯಾರೂ ಅವರಿಗೆ ಹನಿ ನೀರು ಕೊಟ್ಟಿರಲಿಲ್ಲ. ಅವರಿಗಿಂತ ಮೊದಲು ಕುಡಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಮಹಾರಾಜರು ಯಂತ್ರದ ಎದುರು ನಿಂತರು.

"ಹೆಸರು ಹೇಳಿ," ಎಂದಿತು ಯಂತ್ರ.

ವಂದಿಮಾಗಧರು ಎದೆಯುಬ್ಬಿಸಿ ಶುರುಮಾಡಿದರು. ಶ್ರೀಮನ್ಮಹಾರಾಜಾಧಿರಾಜ, ಬಿಸಿಲುಮರ್ದನ, ಸಪ್ತಸರೋವರಾಧೀಶ... ಇಪ್ಪತ್ತಮೂರನೆಯ ಬಿರುದಿಗೆ ಬರುವಷ್ಟರಲ್ಲಿ ಯಂತ್ರ ಹೇಳಿತು: "ಸಮಯ ಮೀರಿದೆ. ಮೊದಲಿನಿಂದ ಹೇಳಿ."

ಮೊದಲಿನಿಂದ ಹೇಳಿದರು. ಎರಡನೆಯ ಸಲವೂ ಸಮಯ ಮೀರಿತು.

"ಪ್ರಭೂ, ಬರೇ ಸರ್ವಪ್ರಸನ್ನ ಎಂದುಬಿಟ್ಟರೆ..." ಎಂದು ಯಾರೋ ಕೊನೆಯ ಸಾಲಿನಿಂದ ಅಂದರು. ಆ 'ಯಾರೋ' ಆಮೇಲೆ ಸಿಗಲಿಲ್ಲ.

ಮೂರನೆಯ ಸಲ ವಂದಿಮಾಗಧರು ಉಸಿರು ಬಿಗಿಹಿಡಿದು ಓಡಿದಂತೆ ಹೇಳಿ ಮುಗಿಸಿದರು. ಯಂತ್ರಕ್ಕೆ ತೃಪ್ತಿಯಾಯಿತು, ಊರನ್ನೂ ಕೇಳಿ ಒಪ್ಪಿಕೊಂಡಿತು. "ಭೇಟಿಯ ಉದ್ದೇಶ?"

"ಪ್ರಭುಗಳ ಭೇಟಿಗೆ ಉದ್ದೇಶವಿರುವುದಿಲ್ಲ!" ಎಂದು ಅಮಾತ್ಯರು ಗುಡುಗಿದರು.

"ಉತ್ತರ ತಪ್ಪಾಗಿದೆ. ಹೆಸರು ಹೇಳಿ."

ಬಿಸಿಲುಮರ್ದನರು ಬಿಸಿಲಿಗೆ ಕಣ್ಣು ಮೇಲೆ ಮಾಡಿ ದಡಕ್ಕನೆ ಬಿದ್ದರು. ಕಿರೀಟ ಉರುಳಿಹೋಗಿ ಕಡಿದುಳಿದ ಬೇವಿನ ಬೊಡ್ಡೆಗೆ ತಾಗಿ ನಿಂತಿತು. ಅಮಾತ್ಯರು ಯೋಜನೆಯ ಕೈಪಿಡಿಯಿಂದ ಗಾಳಿ ಹಾಕಿದರು. ಬರ್ಟೋಲಿನ್ ವಾರಂಟಿಯ ಕಾಗದ ಹುಡುಕಿದ.

ಹಗ್ಗದ ಆಚೆ ದೇಮವ್ವ ಎದ್ದು ನಿಂತಳು. ಕೊಟ್ಟರೆ ಗಡಿಗೆ ಹೋಗುತ್ತದೆ. ಕೊಡದಿದ್ದರೆ, ತುಂಬಿದ ಗಡಿಗೆಯ ಮುಂದೆ ಒಬ್ಬ ಮನುಷ್ಯ ನಾಲಗೆ ಒಣಗಿ ಬಿದ್ದಿದ್ದಾನೆ. ನೂರಾರು ಕಣ್ಣುಗಳು ಅವಳ ಮೇಲಿದ್ದವು. ಸೆರಗು ಸುತ್ತಿಕೊಂಡ ಬೆರಳು ಕೆಂಪಾಯಿತು. ಆಮೇಲೆ ಅವಳು ಬೆರಳು ಬಿಚ್ಚಿ, ಗೋಣಿ ಸರಿಸಿ, ತಂಬಿಗೆ ಅದ್ದಿ, ಹಗ್ಗದಡಿ ನುಸುಳಿ ಓಡಿದಳು.

ರಾಜನ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು. ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ಏನೂ ಕೇಳಲಿಲ್ಲ.

ತಂಬಿಗೆ ಖಾಲಿಯಾಯಿತು. ಮಹಾರಾಜರು ಕಣ್ಣು ಬಿಟ್ಟು, ಬಾಯಿ ಒರೆಸಿಕೊಂಡು, ಎದ್ದು ಕುಳಿತರು. ಆಮೇಲೆ ಬಹಳ ಪ್ರೀತಿಯಿಂದ ಕೇಳಿದರು: "ನಿನ್ನ ಹೆಸರೇನು ಮಗೂ?"

ಮೊದಲು ನೀರು, ಆಮೇಲೆ ಹೆಸರು. ಪ್ರಭುಗಳಿಗೂ ಪದ್ಧತಿ ಗೊತ್ತಿದೆ ಎಂದು ನೆರೆದ ಜನರಿಗೆ ಕಣ್ಣಲ್ಲಿ ನೀರು ಬಂತು. ಗುರಸಿದ್ದವ್ವ ಹಗ್ಗದ ಆಚೆಯಿಂದ ಕೂಗಿದಳು: "ಹೇಳವ್ವ, ಹೇಳ! ಉಂಬಳಿ ಬರಿತಾರ!"

"ದೇಮವ್ವ," ಎಂದಳು ದೇಮವ್ವ. ಅಷ್ಟು ಜನರ ಮುಂದೆ ಅವಳು ತನ್ನ ಹೆಸರು ಹೇಳಿದ್ದು ಅದೇ ಮೊದಲು.

"ಬರೆದುಕೊಳ್ಳಿ," ಎಂದರು ಮಹಾರಾಜರು.

ಅಮಾತ್ಯರು ಆಗಲೇ ಬರೆಯುತ್ತಿದ್ದರು. ಬರೆದು ಗಟ್ಟಿಯಾಗಿ ಓದಿದರು: "ದೇಮವ್ವ ಎಂಬಾಕೆ. ಪರವಾನಗಿಯಿಲ್ಲದ ಸತ್ಕಾರ. ಅದೂ ರಾಜಸಮ್ಮುಖದಲ್ಲಿ, ವಿದೇಶಿ ಹೂಡಿಕೆದಾರರ ಕಣ್ಣೆದುರು. ಅತಿಥಿಯಿಂದ ಫೀಡ್‌ಬ್ಯಾಕ್ ಪಡೆದಿಲ್ಲ."

"ಆದರೆ ಅಮಾತ್ಯರೇ, ಅವಳು ನಮ್ಮ ಜೀವ ಉಳಿಸಿದಳಲ್ಲವೇ?"

"ಆದ್ದರಿಂದಲೇ ಪ್ರಭೂ, ಜಪ್ತಿ ಒಂದೇ ಗಡಿಗೆ. ಎರಡಲ್ಲ."

"ನಮ್ಮ ಕರುಣೆಗೆ ನಾವೇ ಕರಗುತ್ತೇವೆ," ಎಂದರು ಮಹಾರಾಜರು. ಅದು ನಲವತ್ತೆರಡನೆಯ ಬಿರುದಾಯಿತು: ಕರುಣಾಘಟ.

ಜಪ್ತಿಯಾದ ಗಡಿಗೆ ಗಾಜಿನ ಪೆಟ್ಟಿಗೆ ಸೇರಿತು. 'ಪಾರಂಪರಿಕ ಸತ್ಕಾರ: ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ಬಿತ್ತು. ಗಾಜಿನೊಳಗೆ ಅದು ಮೂರೇ ದಿನದಲ್ಲಿ ಒಣಗಿ ಸೀಳು ಬಿಟ್ಟಿತು. ಹೊರಗಿನಿಂದ ನೋಡಿದವರಿಗೆ ಸೀಳು ಸಹ ಪ್ರಾಚೀನವಾಗಿ ಕಾಣುತ್ತಿತ್ತು.

ವಾರದೊಳಗೆ ಡಂಗುರ ಸಾರಿದರು. ಪುಕ್ಕಟೆ ನೀರೇ ಪ್ರವಾಸೋದ್ಯಮದ ಶತ್ರು. ಇನ್ನು ಮೇಲೆ ರಾಜ್ಯದ ಎಲ್ಲ ಬಾವಿಗಳಿಗೂ ಬರ್ಟೋಲಿನ್ ಪೈಪು. ನೀರು ಸಿಗುವುದು ನೋಂದಾಯಿತ ಪ್ರವಾಸಿಗರಿಗೆ ಮಾತ್ರ, ಅದೂ ಶುಲ್ಕ ಕೊಟ್ಟರೆ. ಮೊದಲ ದಿನ ಯಾರೂ ಬರಲಿಲ್ಲ. ಎರಡನೆಯ ದಿನ ಊರು ಕಾದು ನೋಡಿತು. ಮೂರನೆಯ ದಿನ ಬಾಣಂತಿಯರು, ಮುದುಕರು, ಎಮ್ಮೆ ಹೊಡೆದುಕೊಂಡು ಗೌಡರು, ಎಲ್ಲರೂ ಸಾಲು ನಿಂತು ತಮ್ಮ ತಮ್ಮ ಊರಿಗೆ ತಾವೇ ಪ್ರವಾಸಿಗರಾಗಿ ಹೆಸರು ಬರೆಸಿದರು. ಪ್ರವಾಸಿಯನ್ನು ಸ್ಥಳೀಯವಾಗಿ ಹೊಂದಿಸಿಕೊಳ್ಳಿ ಎಂದು ಬರ್ಟೋಲಿನ್ ಅಂದು ಔತಣದಲ್ಲಿ ಹೇಳಿದ ಮಾತನ್ನು ಅಮಾತ್ಯರು ಹೀಗೆ ನಡೆಸಿಕೊಟ್ಟರು.

ಪ್ರವಾಸಿಗರ ಸಂಖ್ಯೆ ಮೂವತ್ತೇಳರಿಂದ ಆರು ಲಕ್ಷಕ್ಕೆ ಏರಿತು. ಸರಬರಾಜುದಾರರ ಮಹಾಸಂಘವು ಸರ್ವಪ್ರಸನ್ನ ಭೂಪಾಲರಿಗೆ 'ವಿಶ್ವ ಅತಿಥಿ ಚಕ್ರವರ್ತಿ' ಎಂಬ ಪ್ರಶಸ್ತಿ ಕೊಟ್ಟು, ಹೊಸ ಕಿರೀಟ ತೊಡಿಸಿತು. ಕಿರೀಟವೂ ಕ್ಯಾಟಲಾಗಿನದೇ. ಆ ಸಂಭ್ರಮಕ್ಕೆಂದು ನೀರಿನ ಶುಲ್ಕದ ಮೇಲೆ ಕಿರೀಟದ ಸುಂಕ ಬಿತ್ತು. ಹಾದಿಯ ಕಂಬಳಿಯವರು, ಬಳೆಗಾರರು, ಯಾತ್ರಿಕರು ಮಾತ್ರ ದಾರಿ ಬದಲಿಸಿ ಪಕ್ಕದ ರಾಜ್ಯದ ಮೇಲೆ ಹಾಯತೊಡಗಿದರು. ಅವರ ಹೆಸರುಗಳು ಎಂದೂ ಪಟ್ಟಿಯಲ್ಲಿ ಇರದಿದ್ದ ಕಾರಣ ಯಾವ ನಷ್ಟವೂ ದಾಖಲಾಗಲಿಲ್ಲ.

ಪ್ರಶಸ್ತಿಯ ಮರುದಿನ ದೇಮವ್ವ ಉಳಿದ ಒಂದು ಗಡಿಗೆಯನ್ನು ಸೊಂಟಕ್ಕಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದಳು. ಅದರ ತಳದಲ್ಲಿ ಬೆರಳು ನೆನೆಯುವಷ್ಟು ನೀರಿತ್ತು, ಅಷ್ಟೇ. ಅವಳ ಹಿಂದೆ ಗುರಸಿದ್ದವ್ವ. ಹತ್ತು ಮಾರು ಆಚೆ ಅವರ ಗುಡಿಸಲು ಕಾಣುತ್ತಿತ್ತು.

"ಹೆಸರು?" ಎಂದ ಗುಮಾಸ್ತ.

"ದೇಮವ್ವ."

"ಎಲ್ಲಿಂದ ಬಂದಿರಿ?"

ದೇಮವ್ವ ಗುಡಿಸಲಿನ ಕಡೆ ಕೈ ತೋರಿಸಿದಳು.

"ಭೇಟಿಯ ಉದ್ದೇಶ?"

ಅವಳು ಗಡಿಗೆಯನ್ನು ಸ್ವಲ್ಪ ಓರೆ ಮಾಡಿ ತೋರಿಸಿದಳು.

"ನಮ್ಮ ರಾಜ್ಯದಲ್ಲಿ ಎಷ್ಟು ದಿನ ತಂಗುತ್ತೀರಿ?"

ದೇಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಗುರಸಿದ್ದವ್ವನಿಗೆ ತಡೆಯಲಾಗಲಿಲ್ಲ.

"ಸಾಯೂತನಕಾ ಇರ್ತೀವೋ ಯಪ್ಪಾ! ಎಲ್ಲಿ ಹೋಗೂಣು?"

ಗುಮಾಸ್ತ ತಲೆ ಎತ್ತಲಿಲ್ಲ. 'ದೀರ್ಘಾವಧಿ ಪ್ರವಾಸಿ' ಎಂದು ಬರೆದುಕೊಂಡು ಮೂರು ಪಟ್ಟು ಶುಲ್ಕದ ಚೀಟಿ ಹರಿದುಕೊಟ್ಟ. ಹಿಂದೆ, ಕೊಡೆಗಳ ನೆರಳು ಸರಿದುಹೋದ ಬಯಲಿನಲ್ಲಿ, ಇಡೀ ಎಲರಗಿರಿ ಖಾಲಿ ಕೊಡ ಹಿಡಿದು ತನ್ನ ಹೆಸರು ಹೇಳಲು ಕಾಯುತ್ತಿತ್ತು.